ಡಾಕ್ಟರನ್ನು ಕೇಳಿ: ಜ್ವರ ಇಳಿದರೂ ಮಂಪರು ಯಾಕೆ?

ಶಶಿಕಲಾ: ಡಾಕ್ಟ್ರೇ, ಅಮ್ಮನಿಗೆ 64 ವರ್ಷ, ಶುಗರ್ ಇದೆ. ಮೂರು ದಿನದಿಂದ ಉರಿಮೂತ್ರ. ನಿನ್ನೆ ಹಲ್ಲು ಕಟಕಟಿಸುವಷ್ಟು ಚಳಿ, 103 ಜ್ವರ. ಇವತ್ತು 96ಕ್ಕೆ ಇಳಿದಿದೆ. ಆದರೆ ಮಂಪರು, ಏದುಸಿರು. ಬೆಳಿಗ್ಗೆಯಿಂದ ಮೂತ್ರ ಹೋಗಿಲ್ಲ. ಜ್ವರ ಬಿಟ್ಟಿತಲ್ಲ, ನಾಳೆ ತೋರಿಸಿದರೆ ಸಾಕಾ?

ಡಾಕ್ಟರ್: ಸಾಲದು. ಈಗಲೇ ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣ ಇ. ಕೋಲಿ ಬ್ಯಾಕ್ಟೀರಿಯಾ. ಅದರ ಹೊರಪೊರೆಯಲ್ಲೇ ಎಂಡೋಟಾಕ್ಸಿನ್ ಅನ್ನೋ ವಿಷ ಇರುತ್ತದೆ. ರಕ್ತಕ್ಕೆ ಸೇರಿದರೆ ಬಿಳಿ ರಕ್ತಕಣಗಳ ಮೇಲೆ ಇಂಥದ್ದನ್ನು ಗುರುತಿಸಲೆಂದೇ ಇರುವ ಪ್ರೋಟೀನು ಟಿಎಲ್‌ಆರ್‌-4 ಅದನ್ನು ಹಿಡಿಯುತ್ತದೆ. ಆಗ ಕಣಗಳು ಟಿಎನ್‌ಎಫ್, ಐಎಲ್‌-1, ಐಎಲ್‌-6 ಅನ್ನೋ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಆರೋಗ್ಯವಂತರಿಗೆ ಕೆಜಿಗೆ ಬರೀ 2ರಿಂದ 4 ನ್ಯಾನೊಗ್ರಾಂ ಎಂಡೋಟಾಕ್ಸಿನ್ ಚುಚ್ಚಿ ನೋಡಿದ್ದಾರೆ. ಅಷ್ಟಕ್ಕೇ ಚಳಿಜ್ವರ ಬರುತ್ತದೆ! ಒಂದೂವರೆ ಗಂಟೆಯ ಹೊತ್ತಿಗೆ ಟಿಎನ್‌ಎಫ್ ತುದಿ ಮುಟ್ಟಿರುತ್ತದೆ. ಈ ಸಂದೇಶಗಳ ಕೂಗಾಟ ಮಿತಿಮೀರಿದರೆ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಬಿಪಿ ಬೀಳುತ್ತದೆ, ಕಿಡ್ನಿಗೂ ಮಿದುಳಿಗೂ ರಕ್ತ ಸಾಲುವುದಿಲ್ಲ. ಆಗ ಮೈ ತಣ್ಣಗಾಗುವುದೂ ಉಂಟು. ನನಗೆ ನಿನ್ನೆಯ 103ಕ್ಕಿಂತ ಇವತ್ತಿನ 96 ಹೆದರಿಕೆ ಹುಟ್ಟಿಸುತ್ತಿದೆ. ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಗಳು ಸೋಲುವ ಸ್ಥಿತಿ) ಇರಬಹುದು ಅಂತ ಅಲ್ಲಿ ಬಾಯಿಬಿಟ್ಟು ಹೇಳಿ.

ಮಂಜುನಾಥ: ಸರ್, ನನ್ನ ಸಿಆರ್‌ಪಿ 48. ಗಾಬರಿಯೇ?

ಡಾಕ್ಟರ್: ಐಎಲ್‌-6 ಹೇಳಿದಂತೆ ಲಿವರ್ ಮಾಡುವ, ರಕ್ತದಲ್ಲಿ ಅಳೆಯುವ ಪ್ರೋಟೀನು ಅದು. ಎಲ್ಲೋ ಉರಿಯೂತ ಇದೆ ಅಂತ ಅರ್ಥ. ಎಲ್ಲಿ ಅಂತ ಅದು ಹೇಳುವುದಿಲ್ಲ. ತೋರಿಸಿಕೊಳ್ಳಿ.

ಗೀತಾ: ನಮ್ಮೆಜಮಾನ್ರದ್ದು 31 ಸರ್. ಮೊಸರು ಬಿಡಬೇಕಾ?

ಡಾಕ್ಟರ್: ಮೇಲೆ ಓದಿ.

ಪ್ರಕಾಶ್: ಫಾರ್ವರ್ಡ್ ಬಂದದ್ದು. ರಕ್ತದ ವಿಷ ತೆಗೆಯಲು ಬೆಳ್ಳುಳ್ಳಿ-ಅಮೃತಬಳ್ಳಿ ಕಷಾಯ, 3 ದಿನ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ನನ್ನೇ ಸೆಪ್ಸಿಸ್‌ನವರಿಗೆ ಕೊಟ್ಟು ನೋಡಿ, ಅಂದುಕೊಂಡ ಫಲ ಸಿಗಲಿಲ್ಲ. ಬೆಳ್ಳುಳ್ಳಿ ಸಾರಿಗೆ ಹಾಕಿ. ಮಂಪರಿನಲ್ಲಿರುವವರ ಬಾಯಿಗೆ ಕಷಾಯ ಹುಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು.

ಪ್ರಕಾಶ್: ನಮ್ಮಜ್ಜಿ 92 ವರ್ಷ ಬದುಕಿದ್ದು ಕಷಾಯದಲ್ಲೇ.

ಮಂಜುನಾಥ: ಅಜ್ಜಿಗೆ ಸೆಪ್ಸಿಸ್ ಆಗಿತ್ತಾ?

ಪ್ರಕಾಶ್: 48ಕ್ಕೇ ನಿದ್ದೆಗೆಟ್ಟವರು ಸುಮ್ನಿರಿ.

ನಾಗರತ್ನ: ಆಂಟಿಬಯಾಟಿಕ್ ಕೊಟ್ಟರೆ ಸಾಯುವ ಬ್ಯಾಕ್ಟೀರಿಯಾದಿಂದ ವಿಷ ಜಾಸ್ತಿ ಬರುತ್ತದಂತೆ, ಹೌದಾ?

ಡಾಕ್ಟರ್: ಒಡೆದಾಗ ಒಂದಿಷ್ಟು ಬರುತ್ತದೆ. ಹಾಗಂತ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಹೋಗುತ್ತದೆ, ವಿಷವೂ ಅದರ ಜೊತೆಗೇ. ಕೊಡಲೇಬೇಕು, ತಡಮಾಡದೆ.

ಪ್ರಕಾಶ್: ನೋಡಿ, ಇಂಗ್ಲಿಷ್ ಔಷಧಿಯೇ ವಿಷ ಬಿಡಿಸುತ್ತದೆ ಅಂತ ಡಾಕ್ಟರೇ ಒಪ್ಪಿಕೊಂಡರು.

ಡಾಕ್ಟರ್: ಪ್ರಕಾಶ್, ಇನ್ನೊಂದು ಮೆಸೇಜ್ ಹಾಕಿದರೆ ಗ್ರೂಪಿನಿಂದ ತೆಗೆಯಲು ಹೇಳುತ್ತೇನೆ.

ಶಶಿಕಲಾ: ಸರ್, ಬಂದೆವು. ಬಿಪಿ 80/50. ಐಸಿಯುಗೆ ತಗೊಂಡರು.

ಡಾಕ್ಟರ್: ಒಳ್ಳೆಯದಾಯಿತು. ರಕ್ತದ ಲ್ಯಾಕ್ಟೇಟ್ ಎಷ್ಟು ಬಂತು ಕೇಳಿ ಹೇಳಮ್ಮ, ಅಂಗಗಳಿಗೆ ರಕ್ತ ಸಾಲದಿದ್ದರೆ ಅದು ಏರುತ್ತದೆ.

ಗೀತಾ: ಸರ್, ಮೊಸರು?