ಉರಿದರೆ ಹೊಳಪು

"ಉರಿಯುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥ ಕಣೋ ಶೀನ," ಎಂದ ನಾಣಿ. ಹೊಳಪು ಬರಲೆಂದು ಮುಖಕ್ಕೆ ಸೀರಮ್ ಹಚ್ಚಿಕೊಂಡು ಬಂದಿದ್ದ. ಮೂಗಿನ ಎರಡೂ ಬದಿ ಕೆಂಪಗೆ ಊದಿತ್ತು.

"ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೋ. ಓವರ್‌ಟೈಮ್ ಕೆಲಸ ಮಾಡುತ್ತದೆ," ಎಂದರು ಸುಬ್ಬಣ್ಣ.

"ಇದು ಗ್ಲೈಕಾಲಿಕ್ ಆಸಿಡ್ ಸುಬ್ಬಣ್ಣ, ಚರ್ಮದ ಸತ್ತ ಪದರ ತೆಗೆಯುತ್ತದೆ. 10 ಪರ್ಸೆಂಟ್!"

"ವಿಜ್ಞಾನದಲ್ಲಿ ಅಷ್ಟು ಪರ್ಸೆಂಟ್ ತೆಗೆದಿದ್ದರೂ ನೀನು ಇದನ್ನು ಹೀಗೆ ಬಳಿದುಕೊಳ್ಳುತ್ತಿರಲಿಲ್ಲ."

ವಿಶಾಲು ನಕ್ಕಳು. "ಅದಕ್ಕೇ ನಾನು ಕೆಮಿಕಲ್ ಮುಟ್ಟುವುದಿಲ್ಲ. ಬರೀ ನಿಂಬೆರಸ. ನ್ಯಾಚುರಲ್."

"ನಿಂಬೆರಸದ ಪಿಎಚ್, ಅಂದರೆ ಹುಳಿಯ ಅಳತೆ, 2ರಿಂದ 2.5 ಕಣಮ್ಮ. ಚರ್ಮದ್ದು 5ರ ಆಸುಪಾಸು. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು. ಅಂದರೆ ಚರ್ಮಕ್ಕಿಂತ ನೂರಾರು ಪಟ್ಟು ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯಬಹುದು. ಅದೂ ನ್ಯಾಚುರಲ್ಲೇ."

"ನಾನು ವರ್ಷಗಟ್ಟಲೆ ಒಂದೇ ಹೇರ್ ಡೈ ಹಚ್ಚಿದೆ, ಏನೂ ಆಗಿರಲಿಲ್ಲ," ಶೀನ ಗೊಣಗಿದ. "ಮೊನ್ನೆ ಕಿವಿ ಬಾತುಕೊಂಡಿತು. ಅದೂ ಹಚ್ಚಿದ ಎರಡನೇ ದಿನ!"

"ನಾಣಿಯದು ಬರೀ ಉರಿ. ಜಾಸ್ತಿ ಹಚ್ಚಿದರೆ ಯಾರಿಗಾದರೂ ಉರಿಯುತ್ತದೆ. ನಿನ್ನದು ಅಲರ್ಜಿ, ದಾಯಾದಿಗಳ ಹಗೆಯ ಹಾಗೆ. ಡೈಯೊಳಗಿನ ಪಿಪಿಡಿ ಅನ್ನುವ ಬಣ್ಣದ ಕೆಮಿಕಲ್ಲನ್ನು ಮೈ ಒಮ್ಮೆ ಗುರುತಿಟ್ಟುಕೊಂಡರೆ ಮುಗಿಯಿತು, ಸಾಮಾನ್ಯವಾಗಿ ಮರೆಯುವುದಿಲ್ಲ. ಜನ ಸೇರಿಸಿಕೊಂಡು ಜಗಳಕ್ಕೆ ಬರಲು ಒಂದೆರಡು ದಿನ ಬೇಕು, ಅಷ್ಟೇ. ಮೊದಲು ಚೂರು ಹಚ್ಚಿ 48 ಗಂಟೆ ಕಾಯಿರಿ ಅಂತ ಪ್ಯಾಕೆಟ್ ಮೇಲೇ ಇರುತ್ತದಲ್ಲೋ?"

"ಅದನ್ನು ಓದಲು ಕನ್ನಡಕ ಬೇಕು. ಕನ್ನಡಕ ಹಾಕಿಕೊಂಡ ಮೇಲೆ ಡೈ ಹಚ್ಚಿ ಏನು ಪ್ರಯೋಜನ?"

ನಾಣಿ ಪಟ್ಟು ಬಿಡಲಿಲ್ಲ. "ಏನೇ ಹೇಳಿ, ಉರಿದರೆ ಹೊಳಪು ಬಂದೇ ಬರುತ್ತದೆ."

"ನಮ್ಮ ದೊಡ್ಡಮ್ಮ ಮಂಗಳೂರಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು," ಎಂದರು ಸುಬ್ಬಣ್ಣ. " ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ ಅಂತ ಬೂದಿ ಸವರಿಕೊಂಡು ಬೀಜ ಸುಲಿಯುವುದು. ಆದರೂ ಬೆರಳೆಲ್ಲ ಕಪ್ಪು. ನಿನ್ನ ಲೆಕ್ಕದಲ್ಲಿ ಅವರ ಕೈ ಫಳಫಳ ಹೊಳೆಯಬೇಕಿತ್ತು. ಮದುವೆ ಮನೆಯಲ್ಲಿ ಬಳೆಗಾರನ ಮುಂದೆ ಕೈ ಚಾಚಲು ನಾಚುತ್ತಿದ್ದರು. ಉರಿಗೆ ದುಡ್ಡು ಕೊಡುವ ಕಾಲ ಬರುತ್ತದೆ ಅಂತ ಅವರಿಗೆ ಹೇಳಿದ್ದರೆ ನಂಬುತ್ತಲೇ ಇರಲಿಲ್ಲ."

ವಿಶಾಲು ನಾಣಿಯ ಕಡೆ ತಿರುಗಿದಳು. "ಹೋಗಿ ಮುಖ ತೊಳೆದುಕೊಂಡು ಬಾ."

"ಸೋಪು ಹಾಕಲಾ?"

"ಬೇಡಪ್ಪ," ಎಂದರು ಸುಬ್ಬಣ್ಣ. "ಸೋಪು ಹುಳಿಗೆ ತದ್ವಿರುದ್ಧ, ಕ್ಷಾರ. ಪಿಎಚ್ 9ರ ಮೇಲೆ. ಈ ಕಡೆಯಿಂದ ಪೆಟ್ಟು ತಿಂದವನಿಗೆ ಆ ಕಡೆಯಿಂದಲೂ ಯಾಕೆ? ಬರೀ ನೀರು."

"900 ರೂಪಾಯಿ ಕೊಟ್ಟಿದ್ದೇನೆ ಸುಬ್ಬಣ್ಣ!"

"ಹಾಗಾದರೆ ನಿಧಾನಕ್ಕೆ ತೊಳೆ."