ವಿಷಯ: ‘ವೀಗನ್’ಗೆ ಫಲಕದಲ್ಲಿ ಏನು ಬರೆಯುವುದು? ಶೇಂಗಾ ಮೊಸರು ಮೊಸರೇ?

ಸು.ಮ.:
ಗೆಳೆಯರೇ, ಕ್ಯಾಂಟೀನೊಂದರ ಫಲಕ ಇವತ್ತು ಸಂಜೆ ಅಚ್ಚಿಗೆ ಹೋಗಬೇಕು. ವೀಗನ್, ಅಂದರೆ ಪ್ರಾಣಿಮೂಲದ ಏನೂ ಇಲ್ಲದ, ತಿನಿಸುಗಳ ಸಾಲಿಗೆ ತಲೆಬರಹ ಬೇಕಾಗಿದೆ. ‘ಶುದ್ಧ ಸಸ್ಯಾಹಾರಿ’ ಆಗದು. ನಮ್ಮ ಹೋಟೆಲುಗಳಲ್ಲಿ ಹಾಗೆಂದರೆ ಮೊಟ್ಟೆ-ಮಾಂಸ ಇಲ್ಲ, ತುಪ್ಪ ಧಾರಾಳ. ಸಾಲಿನಲ್ಲಿರುವುದು ರಾಗಿ ಹಾಲ್ಬಾಯಿ, ಕಾಯಿಹಾಲಿನ ಪಾಯಸ, ಶೇಂಗಾ ಮೊಸರಿನ ಮಜ್ಜಿಗೆಹುಳಿ. ‘ಹೈನುರಹಿತ’ ಆದೀತೇ?

ಕೆ.ರಾ.:
ಅರಿಸಮಾಸ, ಕನ್ನಡಕ್ಕೆ ಸಂಸ್ಕೃತದ ಬೆಸುಗೆ. ಬೇಡ. ‘ಹೈನಿಲ್ಲದ’ ಎನ್ನಿ. ಇನ್ನು ‘ಶೇಂಗಾ ಮೊಸರು’ ಎಂಬುದೇ ತಪ್ಪು. ಹಾಲಿಲ್ಲದೆ ಮೊಸರೆಲ್ಲಿ? ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾದಂತೆ. ತಮಿಳು, ಮಲಯಾಳಗಳಲ್ಲಿ ಇಂದಿಗೂ ಪಾಲ್. ಬದಲಾದದ್ದು ಪಕಾರ, ಅರ್ಥವಲ್ಲ. ಕೆಚ್ಚಲಿನಿಂದ ಇಳಿದದ್ದು ಹಾಲು.

ಲ.ವಿ.:
ಎಕ್ಕದ ಹಾಲು ಯಾವ ಕೆಚ್ಚಲಿನದು ಸರ್? ನೆನೆಸಿದ ರಾಗಿ ರುಬ್ಬಿ ಬಟ್ಟೆಯಲ್ಲಿ ಸೋಸಿ ತೆಗೆದದ್ದನ್ನು ಹಾಲು ಎನ್ನದೆ ಹಾಲ್ಬಾಯಿ ಮಾಡುವವರುಂಟೇ?

ಅಡುಗೆಭಟ್ಟರೂ ಅರಿಸಮಾಸವೇ, ಅವರನ್ನೂ ಹೊರಗೆ ಕಳಿಸೋಣ. ‘ಹೈನಿಲ್ಲದ’ಕ್ಕೆ ಇರುವ ತೊಡಕು ಬೇರೆ: ಜೇನು ಹೈನಲ್ಲ, ವೀಗನ್ನರು ಅದನ್ನೂ ಬಿಡುತ್ತಾರೆ.

ಮೊಸರಿನ ಮಾತಿಗೆ ಬಂದರೆ, ಒಂದು ಲೋಟ ಶೇಂಗಾ ಎಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರಿನಲ್ಲಿ ರುಬ್ಬಿ ಸೋಸಬೇಕು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಬಿಡದೆ ಕುದಿಸಬೇಕು. ತಳ ಬೇಗ ಹಿಡಿಯುತ್ತದೆ, ಕುದಿ ಸಾಲದಿದ್ದರೆ ಹಸಿವಾಸನೆ ಹೋಗದು. ಬೆರಳು ತಾಳುವಷ್ಟು ಬಿಸಿಗೆ ಇಳಿದ ಮೇಲೆ ಎಂಟು-ಹತ್ತು ಹಸಿಮೆಣಸಿನ ತೊಟ್ಟು ಹಾಕಿ ರಾತ್ರಿಯಿಡೀ ಮುಚ್ಚಿಡುವುದು. ಸುಡುವ ಹಾಲಿಗೆ ಹಾಕಿದರೆ ಕೂಡುವುದಿಲ್ಲ. ಮೊದಲ ಸಲದ್ದು ತೆಳು, ಮೆಣಸಿನ ಘಾಟು ಇರುತ್ತದೆ. ಅದರಲ್ಲಿ ಎರಡು ಚಮಚ ತೆಗೆದು ಮರುದಿನ ಹೆಪ್ಪು ಹಾಕಿದರೆ ಗಟ್ಟಿಯಾಗಿ ಕೂಡುತ್ತದೆ. ಹೆಪ್ಪು ಹಾಕಿ, ಕೂಡಿಸಿ, ಹುಳಿ ಬಂದದ್ದನ್ನು ಮೊಸರೆನ್ನದೆ ಏನೆನ್ನುವುದು? ರಕ್ತವೂ ಹೆಪ್ಪುಗಟ್ಟುತ್ತದೆ, ಹೆಪ್ಪು ಹಸುವಿನ ಸ್ವತ್ತಲ್ಲ.

ಅಂದ ಹಾಗೆ ಸು.ಮ., ಈ ಮೊಸರು ಕುದಿದರೆ ಒಡೆಯುತ್ತದೆ. ಮಜ್ಜಿಗೆಹುಳಿಯ ತೆಂಗಿನ ಮಸಾಲೆಗೆ ನೆನೆಸಿದ ಕಡಲೆಬೇಳೆ ಒಂದು ಚಮಚ ಸೇರಿಸಿ ರುಬ್ಬಿಸಿ; ಮೊಸರು ಕೊನೆಗೆ, ಉರಿ ತಗ್ಗಿಸಿದ ಮೇಲೆ.

ಪ್ರ.:
ಫಲಕದ ಮಾತು ಬೇರೆ, ಡಬ್ಬಿಗೆ ಅಂಟಿಸುವ ಚೀಟಿಯ ಮಾತು ಬೇರೆ. ಗಿಡಮೂಲದ ಪಾನೀಯಗಳಿಗೆ ‘ಹಾಲು’ ಎಂಬ ಹೆಸರು ಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು. ವೀಗನ್ ಆಹಾರಕ್ಕೆಂದೇ 2022ರ ನಿಯಮಾವಳಿ ಇದೆ, ಪ್ರತ್ಯೇಕ ಗುರುತೂ ಇದೆ. ‘ವೀಗನ್’ ಎಂದೇ ಬರೆದು ಮುಗಿಸಿ.

ಕೆ.ರಾ.:
ಸರ್ಕಾರದ ಚೀಟಿಯಿಂದ ಕನ್ನಡ ಕಲಿಯಬೇಕಿಲ್ಲ. ಬಸ್ಸು, ರೈಲು ಬಂದವು, ಸರಿ, ಆ ವಸ್ತುಗಳು ನಮ್ಮಲ್ಲಿರಲಿಲ್ಲ. ಸೊಪ್ಪು, ಕಾಳು, ಕಾಯಿ ನಮ್ಮಲ್ಲಿರಲಿಲ್ಲವೇ?

ಪ್ರ.:
ಸೊಪ್ಪು ಇತ್ತು, ತುಪ್ಪ ಬೇಡವೆನ್ನುವವರಿಗೆ ಹೆಸರಿರಲಿಲ್ಲ. ಇಂಗ್ಲಿಷಿನಲ್ಲೂ ಇರಲಿಲ್ಲ. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ‘ವೆಜಿಟೇರಿಯನ್’ (vegetarian) ಪದದ ಮೊದಲ ಮೂರಕ್ಷರ (veg), ಕೊನೆಯ ಎರಡಕ್ಷರ (an) ಇಟ್ಟುಕೊಂಡು ನಡುವಿನದನ್ನು ಬಿಟ್ಟರು.

ಕೆ.ರಾ.:
ಹಾಗಾದರೆ ನಾವೂ ಕತ್ತರಿಸೋಣ: ‘ಸಸ್ಯಾರಿ’.

ಲ.ವಿ.:
ಸಸ್ಯಕ್ಕೆ ಅರಿ, ಗಿಡಗಳ ಶತ್ರು! ಅರಿಸಮಾಸ ಬೇಡವೆಂದವರು ಅರಿಯನ್ನೇ ಕರೆತಂದಿರಿ.

ಸು.ಮ.:
ಹೊತ್ತಾಯಿತು. ತಲೆಬರಹ ‘ವೀಗನ್’, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಹಾಲು, ಮೊಸರು, ತುಪ್ಪ, ಜೇನು ಸೇರಿಸಿಲ್ಲ’. ‘ಸೇರಿಸಿಲ್ಲ’ವೋ ‘ಸೇರಿಲ್ಲ’ವೋ?

ಲ.ವಿ.:
ಹಾಲ್ಬಾಯಿ ಸುರಿಯುವ ತಟ್ಟೆಗೆ ಏನು ಸವರುತ್ತಾರೆ, ಮೊದಲು ಕೇಳಿ. ತೆಂಗಿನೆಣ್ಣೆಯಾದರೆ ‘ಸೇರಿಲ್ಲ’. ತುಪ್ಪವಾದರೆ ಎರಡೂ ಸುಳ್ಳು. ಇನ್ನು, ಶೇಂಗಾ ಮೊಸರು ಮಾರುತ್ತ ‘ಮೊಸರು ಸೇರಿಸಿಲ್ಲ’ ಎಂದರೆ ಕೆ.ರಾ. ಗೆದ್ದಂತೆ. ಆ ಪದ ತೆಗೆಯಿರಿ.