ಚರ್ಚಿನ ಅಂಗಳದ ಯುದ್ಧಸ್ಮಾರಕ: ಸಿಮೆಂಟು ತೆಗೆಸಬೇಕೇ, ಹೆಸರುಗಳನ್ನು ಮತ್ತೆ ಕೆತ್ತಿಸಬೇಕೇ?

ಪ್ರಶ್ನೆ

ನಮಸ್ಕಾರ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಪ್ರದೇಶದ ಹಳ್ಳಿಯೊಂದರಲ್ಲಿ ನೆಲೆಸಿರುವ ನಾನು, ಇಲ್ಲಿನ ಆಂಗ್ಲಿಕನ್ ಚರ್ಚಿನ ಅಂಗಳದಲ್ಲಿರುವ ಯುದ್ಧಸ್ಮಾರಕದ ದುರಸ್ತಿಗೆಂದು ಊರವರು ಮಾಡಿಕೊಂಡ ಸಮಿತಿಯಲ್ಲಿದ್ದೇನೆ. ಮೊದಲ ಮಹಾಯುದ್ಧದ ಬಳಿಕ ಈ ಸೀಮೆಯ ಸುಣ್ಣದಕಲ್ಲಿನಲ್ಲೇ ಮಾಡಿ ನಿಲ್ಲಿಸಿದ ಶಿಲುಬೆ ಅದು. ಮಡಿದವರ ಹೆಸರುಗಳು ಅದರ ಪೀಠದ ಮೇಲಿವೆ. ಹಿಂದೆ ಯಾರೋ ಸಂದುಗಳಿಗೆ ಸಿಮೆಂಟು ತುಂಬಿದ್ದು, ಅದರ ಅಕ್ಕಪಕ್ಕದ ಕಲ್ಲು ಚಕ್ಕೆಯೆದ್ದು ಉದುರುತ್ತಿದೆ. ಕಂಬದಲ್ಲಿ ಉದ್ದನೆಯ ಬಿರುಕೊಂದಿದೆ. ಮಳೆ ಬಡಿಯುವ ಕಡೆಯ ಹೆಸರುಗಳನ್ನು ಬೆರಳಾಡಿಸಿ ಓದಬೇಕಾಗಿದೆ. ನೀರಿನ ಪ್ರೆಶರ್‌ನಿಂದ ತೊಳೆಸಿ, ಹೆಸರುಗಳನ್ನು ಹೊಸದಾಗಿ ಕೆತ್ತಿಸಿ, ಮೊದಲ ಮಹಾಯುದ್ಧ ನಿಂತ ದಿನವಾದ, ಮಡಿದವರನ್ನು ನೆನೆಯುವ ನವೆಂಬರ್ 11ರೊಳಗೆ ಮುಗಿಸೋಣವೆಂದು ಹಲವರ ಅಭಿಪ್ರಾಯ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಕಲ್ಲಿನ ಕಟ್ಟಡಗಳ ಸಂರಕ್ಷಣೆಯಲ್ಲಿರುವವರು)

ಪ್ರೆಶರ್‌ನಿಂದ ತೊಳೆಸುವುದನ್ನು ಖಂಡಿತ ತಡೆಯಿರಿ. ಸಡಿಲಗೊಂಡ ಮೇಲ್ಪದರವನ್ನು ಆ ನೀರು ಕಿತ್ತೊಯ್ಯುತ್ತದೆ, ಅಳಿದುಳಿದ ಅಕ್ಷರಗಳಿರುವುದು ಆ ಪದರದಲ್ಲೇ. ಬ್ಲೀಚ್, ಆಮ್ಲ, ತಂತಿಯ ಬ್ರಷ್ಷು ಕೂಡ ಬೇಡ. ಪಾಚಿಗೆ ಮೆದು ಬ್ರಷ್ಷು ಮತ್ತು ಬರೀ ನೀರು ಸಾಕು. ಕಲ್ಲುಹೂವು ಹಿಡಿದಿದ್ದರೆ ಮೊದಲು ಬಲ್ಲವರಿಗೆ ತೋರಿಸಿ. ಇಂಗ್ಲೆಂಡಿನ ಎಷ್ಟೋ ಚರ್ಚ್ ಅಂಗಳಗಳಲ್ಲಿ ಅದರ ಅಪರೂಪದ ಜಾತಿಗಳು ಉಳಿದುಕೊಂಡಿವೆ.

ನಿಮ್ಮ ಸ್ಮಾರಕದ ಮುಖ್ಯ ರೋಗ ಸಿಮೆಂಟು. ಸುಣ್ಣದಕಲ್ಲು ಹೀರಿಕೊಂಡ ನೀರು ಸಂದುಗಳ ಮೂಲಕ ಆರಿಹೋಗಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚುವುದರಿಂದ ತೇವವು ಪಕ್ಕದ ಕಲ್ಲಿನಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಸಿಡಿಯುತ್ತದೆ. ಯಂತ್ರ ಹಚ್ಚದೆ, ಸಣ್ಣ ಉಳಿಯಿಂದ ಕೈಯಲ್ಲೇ ಸಿಮೆಂಟನ್ನು ಬಿಡಿಸಿ, ಕಲ್ಲಿಗಿಂತ ಮೆದುವಾದ ಸುಣ್ಣದ ಗಾರೆ ತುಂಬಿಸಿ. ಸಿಮೆಂಟು ಎಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು ಕಲ್ಲನ್ನೂ ಕೀಳುವಂತಿದೆಯೋ ಅಲ್ಲಿ ಸದ್ಯಕ್ಕೆ ಹಾಗೆಯೇ ಬಿಡುವುದು ಮೇಲು.

ಕಂಬದ ಬಿರುಕನ್ನು ಮಾತ್ರ ಮುಂದೂಡಬೇಡಿ. ಒಳಗೆ ಕಬ್ಬಿಣದ ಸರಳಿದ್ದರೆ ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಕಲ್ಲನ್ನು ಸೀಳುತ್ತದೆ. ಮೇಲಿನಿಂದ ಗಾರೆ ಬಳಿದರೆ ಪ್ರಯೋಜನವಿಲ್ಲ, ಕಂಬ ಬಿಚ್ಚಿಸಿ ಸ್ಟೇನ್‌ಲೆಸ್ ಸ್ಟೀಲಿನ ಸರಳು ಹಾಕಿಸಬೇಕಾಗುತ್ತದೆ.

ಉತ್ತರ 2

ಅನುಮತಿಯ ಬಗ್ಗೆ ಒಂದು ಮಾತು. ಚರ್ಚ್ ಆಫ್ ಇಂಗ್ಲೆಂಡಿನ ಅಂಗಳದಲ್ಲಿ ಇಂಥ ಕೆಲಸಕ್ಕೆ ಧರ್ಮಪ್ರಾಂತದ ಚಾನ್ಸಲರ್ (ಚರ್ಚಿನ ನ್ಯಾಯಾಧೀಶರು) ನೀಡುವ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು. ಸ್ಮಾರಕವೇ ಪ್ರತ್ಯೇಕವಾಗಿ ಲಿಸ್ಟೆಡ್ ಆಗಿದ್ದರೆ, ಅಂದರೆ ಸಂರಕ್ಷಿತ ಕಟ್ಟಡಗಳ ಅಧಿಕೃತ ಪಟ್ಟಿಯಲ್ಲಿದ್ದರೆ, ಸ್ಥಳೀಯ ಯೋಜನಾ ಪ್ರಾಧಿಕಾರವನ್ನೂ ಕೇಳಬೇಕು. 1997ರಲ್ಲಿ ಆರಂಭವಾದ ವಾರ್ ಮೆಮೋರಿಯಲ್ಸ್ ಟ್ರಸ್ಟ್ ಸಲಹೆ ಕೊಡುತ್ತದೆ. 1923ರ ಕಾಯ್ದೆಯೊಂದರ ಪ್ರಕಾರ ಸ್ಥಳೀಯ ಸಂಸ್ಥೆಗಳೂ ಯುದ್ಧಸ್ಮಾರಕಗಳ ನಿರ್ವಹಣೆಗೆ ಹಣ ಖರ್ಚುಮಾಡಬಹುದು.

ಉತ್ತರ 3

ಸಂರಕ್ಷಣೆಯವರು ಹೆಸರುಗಳ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿದ್ದಾರೆ. ಆ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರ ದೇಹಗಳನ್ನು ಊರಿಗೆ ತರುವುದನ್ನು ಸರ್ಕಾರವೇ ನಿಷೇಧಿಸಿತ್ತು. ಸಮಾಧಿಯೇ ಸಿಗದ 72,000ಕ್ಕೂ ಹೆಚ್ಚು ಮಂದಿಯ ಹೆಸರು ಫ್ರಾನ್ಸಿನ ಥಿಯೆಪ್‌ವಾಲ್ ಯುದ್ಧಸ್ಮಾರಕ ಒಂದರಲ್ಲೇ ಇದೆ. ಹಾಗಾಗಿ ಹೆತ್ತವರಿಗೆ ಹೂವಿಡಲು ಇದ್ದದ್ದು ಊರಿನ ಈ ಕಲ್ಲು ಮಾತ್ರ. ಹೆಸರುಗಳು ಓದುವಂತಿರಲೆಂದೇ ಅದನ್ನು ನಿಲ್ಲಿಸಿದ್ದು. ಕಲ್ಲನ್ನು ಉಳಿಸಲು ಹೋಗಿ ಹೆಸರುಗಳು ಅಳಿಯಲು ಬಿಡುವುದನ್ನು ನಾನು ಒಪ್ಪಲಾರೆ.

ಉತ್ತರ 1 (ಮತ್ತೆ)

ನಿಮ್ಮ ಮಾತು ನ್ಯಾಯವಾದದ್ದು. ನನ್ನ ಹಿಂಜರಿಕೆ ಇಷ್ಟೇ: ಪ್ರತಿ ಸಲ ಕೆತ್ತಿದಾಗಲೂ ಒಂದು ಪದರ ಕಲ್ಲು ಹೋಗುತ್ತದೆ, ಮೂಲ ಅಕ್ಷರಗಳ ವಿನ್ಯಾಸವೂ ಕೆಡುತ್ತದೆ. ಆದ್ದರಿಂದ ಮೊದಲು ಕತ್ತಲಾದ ಮೇಲೆ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಪ್ರತಿ ಹೆಸರಿನ ಫೋಟೋ ತೆಗೆಯಿರಿ. ಹಗಲಲ್ಲಿ ಕಾಣದ ಗೆರೆಗಳು ಆ ನೆರಳಿನಲ್ಲಿ ಕಾಣುತ್ತವೆ. ಅವನ್ನು ಇಂಪೀರಿಯಲ್ ವಾರ್ ಮ್ಯೂಸಿಯಮ್ಸ್‌ನ ಸ್ಮಾರಕ ದಾಖಲೆಯೊಂದಿಗೂ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಮಡಿದ ಸೈನಿಕರ ಪಟ್ಟಿಯೊಂದಿಗೂ ಹೋಲಿಸಿ ನೋಡಿ, ಏಕೆಂದರೆ ಊಹೆಯಿಂದ ಕೆತ್ತಿದ ತಪ್ಪು ಹೆಸರು ಆ ಮನೆತನಕ್ಕೆ ಮಾಡುವ ಅನ್ಯಾಯ. ಕಲ್ಲು ಗಟ್ಟಿಯಾಗಿರುವ ಕಡೆ ನುರಿತ ಅಕ್ಷರಶಿಲ್ಪಿಯಿಂದ ಮೂಲ ಗೆರೆಯಲ್ಲೇ ಕೆತ್ತಿಸಬಹುದು. ಪುಡಿಪುಡಿಯಾಗಿರುವ ಮುಖವನ್ನು ಮುಟ್ಟದೆ, ಅನುಮತಿ ಪಡೆದು, ಪಕ್ಕದಲ್ಲಿ ಸ್ಲೇಟು ಕಲ್ಲಿನ ಫಲಕವೊಂದರ ಮೇಲೆ ಎಲ್ಲ ಹೆಸರುಗಳನ್ನೂ ಬರೆಸಿ.

ನವೆಂಬರಿನ ಗಡುವನ್ನು ಬಿಟ್ಟುಬಿಡಿ. ಹೊಸ ಸುಣ್ಣದ ಗಾರೆಗೆ ಹಿಮ ತಗುಲಿದರೆ ಅದು ಪುಡಿಯಾಗುತ್ತದೆ. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಆ ಕೆಲಸ ಮಾಡುವುದಿಲ್ಲ. ಈ ಚಳಿಗಾಲವನ್ನು ಫೋಟೋ, ಹೆಸರುಗಳ ತಾಳೆ ಮತ್ತು ಅರ್ಜಿಗೆ ಬಳಸಿಕೊಂಡು, ವಸಂತದಲ್ಲಿ ಗಾರೆಯ ಕೆಲಸ ಆರಂಭಿಸಿ, ಹಾಕಿದ ಗಾರೆ ಬೇಗ ಒಣಗದಂತೆ ಒದ್ದೆ ಗೋಣಿತಾಟು ಹೊದಿಸಿ.